ವನಜಕ್ಕ ಅರವತ್ತನೇ ಪುಟದಲ್ಲಿ ಪುಸ್ತಕ ಮುಚ್ಚಿದ್ದು: ಒಂದು ಓದಿನ ಪ್ರಕರಣ

ಓದುಗರ ಬಳಗ ನಡೆಸುವವರಿಗೆ ಒಂದು ಕಾಟ ಎಲ್ಲ ಕಡೆಯೂ ಇರುತ್ತದೆ. ಗುಂಪಿನಲ್ಲೇ ಎಲ್ಲರಿಗಿಂತ ಚೆನ್ನಾಗಿ ಓದುವವರು ಒಂದು ಪುಸ್ತಕವನ್ನು ಅರ್ಧಕ್ಕೇ ಬದಿಗಿಟ್ಟು, ಯಾಕೆ ಇಟ್ಟೆ ಅಂತ ಎಷ್ಟು ಚೆಂದ ವಿವರಿಸುತ್ತಾರೆಂದರೆ, ಮುಗಿಸಿದವರಿಗೇ ತಾವು ದಡ್ಡರು ಅನ್ನಿಸಿಬಿಡುತ್ತದೆ. ನಮ್ಮಲ್ಲಿ ಹಾಗೆ ಆದದ್ದು 2019ರ ಕೊನೆಯಲ್ಲಿ. ನಾನು ಅದನ್ನು ನಿಭಾಯಿಸಿದ ರೀತಿಯಲ್ಲಿ ತಪ್ಪೇ ಹೆಚ್ಚು. ಅದಕ್ಕೇ ಬರೆದಿಡುತ್ತಿದ್ದೇನೆ.

ವನಜಕ್ಕ ಎನ್ನುವುದು ನಿಜವಾದ ಹೆಸರಲ್ಲ. ಊರು, ಉದ್ಯೋಗ, ಮನೆಯ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಬರೆದದ್ದನ್ನು ಅವರಿಗೆ ಓದಿ ಹೇಳಿದೆ. ಎರಡು ಕಡೆ “ಇದು ತೆಗಿ” ಅಂದರು, ತೆಗೆದೆ.

ಹಿನ್ನೆಲೆ

ಟೆಕ್ಸಾಸಿನ ಡಲ್ಲಾಸ್ ಸುತ್ತಲಿನ ಉಪನಗರವೊಂದರಲ್ಲಿ ನಾವು ಒಂಬತ್ತು ಹತ್ತು ಜನ ತಿಂಗಳಿಗೊಮ್ಮೆ ಸೇರುತ್ತೇವೆ. ಓದುವುದು ಹೆಚ್ಚಾಗಿ ಕನ್ನಡವೇ. ಊರಿಂದ ಬರುವವರ ಸೂಟ್‌ಕೇಸಿನಲ್ಲಿ ಚಕ್ಕುಲಿ ಡಬ್ಬಿಯ ಪಕ್ಕ ಎಷ್ಟು ಪ್ರತಿ ಹಿಡಿಯುತ್ತವೋ ಅಷ್ಟನ್ನೇ ಕೈ ಬದಲಿಸಿಕೊಂಡು ಓದಬೇಕು. ಮೂರು ತಿಂಗಳಿಗೊಮ್ಮೆ ಮಾತ್ರ ಇಂಗ್ಲಿಷ್ ಪುಸ್ತಕ, ಅದರ ಆಯ್ಕೆ ಮಕ್ಕಳದ್ದು. ಅವರನ್ನು ಕೋಣೆಯೊಳಗೆ ಕೂರಿಸಿಕೊಳ್ಳಲು ನಾವು ಕೊಡುವ ಲಂಚ ಅದು.

ವನಜಕ್ಕನಿಗೆ ಆಗ ಐವತ್ತೈದು. ತುಂಗೆಯ ದಡದ ಊರಿನವರು. ಅವರ ಅಪ್ಪ ಜನತಾ ಪಕ್ಷಕ್ಕಾಗಿ ಸೈಕಲ್ ತುಳಿದ ಮನುಷ್ಯ. 1983ರ ಜನವರಿಯಲ್ಲಿ ಕರ್ನಾಟಕಕ್ಕೆ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂದ ದಿನ ಮನೆಯಲ್ಲಿ ಹೋಳಿಗೆ ಮಾಡಿದ್ದರಂತೆ. 1987ರ ಮಂಡಲ ಪಂಚಾಯಿತಿ ಚುನಾವಣೆಯಲ್ಲಿ ಹೆಂಗಸರಿಗೆ ಶೇಕಡಾ 25 ಮೀಸಲು ಇತ್ತಲ್ಲ, ಅದರಲ್ಲಿ ಇವರ ದೊಡ್ಡಮ್ಮ ಗೆದ್ದರು. ಆಗಿನ ಗ್ರಾಮೀಣಾಭಿವೃದ್ಧಿ ಮಂತ್ರಿ ನಜೀರ್ ಸಾಬರ ಕಾಲದ ಬೋರ್‌ವೆಲ್ ಒಂದು ಅವರ ಬೀದಿಗೂ ಬಂತು. ಆಮೇಲೆ ಟೆಲಿಫೋನ್ ಕದ್ದಾಲಿಕೆಯ ಗಲಾಟೆ, 1988ರಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರ ರಾಜೀನಾಮೆ, ಪಕ್ಷ ಹೋಳಾಗಿದ್ದು, 1989ರ ಚುನಾವಣೆಯಲ್ಲಿ ಕಾಂಗ್ರೆಸ್ 178 ಸ್ಥಾನ ಬಾಚಿಕೊಂಡದ್ದು. ಅಪ್ಪ ಗೋಡೆಯ ಮೇಲಿನ ಫೋಟೋ ಇಳಿಸಿದರು. ಮೊಳೆ ಹಾಗೇ ಉಳಿಯಿತು. “ಕೊನೆಗೆ ಅದಕ್ಕೆ ಪಂಚಾಂಗ ನೇತುಹಾಕಿದ್ವಿ” ಅನ್ನುತ್ತಾರೆ ವನಜಕ್ಕ. ನಮ್ಮ ಬಳಗದಲ್ಲಿ ಈ ಮಾತನ್ನು ಕನಿಷ್ಠ ನಾಲ್ಕು ಸಲ ಕೇಳಿದ್ದೇವೆ.

ಹೀಗಾಗಿ ಅವರ ಸಿನಿಕತನ ಟೀವಿ ನೋಡಿ ಕಲಿತದ್ದಲ್ಲ. 2019ರ ಜುಲೈಯಲ್ಲಿ ಬೆಂಗಳೂರಿನ ಸಮ್ಮಿಶ್ರ ಸರ್ಕಾರ ವಿಶ್ವಾಸಮತದಲ್ಲಿ 99-105ರಲ್ಲಿ ಬಿದ್ದಾಗ ಅವರು ಇಲ್ಲಿ ಬೆಳಗಿನ ಕಾಫಿ ಕುಡಿಯುತ್ತ ಫೋನಿನಲ್ಲಿ ಎಣಿಕೆ ನೋಡುತ್ತಿದ್ದರು. ಬಂಡೆದ್ದು ಮುಂಬೈ ಹೋಟೆಲಿನಲ್ಲಿದ್ದ ಶಾಸಕರ ಹೆಸರು ಅವರಿಗೆ ಬಾಯಿಪಾಠ. ಆದರೂ ಓಟು ಮಾತ್ರ ತಪ್ಪಿಸುವವರಲ್ಲ. ಅಮೆರಿಕದ ಪೌರತ್ವ ಸಿಕ್ಕಿದ ಮೇಲೆ ಸಣ್ಣ ಪುರಸಭೆ ಚುನಾವಣೆಯನ್ನೂ ಬಿಟ್ಟಿಲ್ಲ. “ಹಲ್ಲುಜ್ಜೋದಕ್ಕೆ ಭರವಸೆ ಬೇಕಾ?” ಅನ್ನುತ್ತಾರೆ.

ತೊಡಕು

ಆ ನವೆಂಬರಿನಲ್ಲಿ ಆಸ್ಟಿನ್‌ನಲ್ಲಿ ಓದುತ್ತಿದ್ದ ನಮ್ಮ ಸದಸ್ಯರೊಬ್ಬರ ಮಗಳು ಆರಿಸಿದ್ದು ‘ರೆಡ್, ವೈಟ್ ಆಂಡ್ ರಾಯಲ್ ಬ್ಲೂ’. ಕೇಸಿ ಮೆಕ್ವಿಸ್ಟನ್ ಅವರ ಮೊದಲ ಕಾದಂಬರಿ, ಅದೇ ವರ್ಷದ ಮೇ ತಿಂಗಳಲ್ಲಿ ಬಂದದ್ದು. ಅದರ ಲೋಕದಲ್ಲಿ 2016ರ ಅಮೆರಿಕದ ಅಧ್ಯಕ್ಷ ಚುನಾವಣೆ ಗೆದ್ದವಳು ಎಲೆನ್ ಕ್ಲೇರ್‌ಮಾಂಟ್ ಎಂಬ ಟೆಕ್ಸಾಸಿನ ಹೆಂಗಸು, ಡೆಮಾಕ್ರಟಿಕ್ ಪಕ್ಷದವಳು. ಗಂಡನಿಂದ ಬೇರೆಯಾದವಳು, ಮಕ್ಕಳ ಅಪ್ಪ ಮೆಕ್ಸಿಕನ್ ಮೂಲದವನು. ಮಗ ಅಲೆಕ್ಸ್‌ಗೂ ಇಂಗ್ಲೆಂಡಿನ ರಾಜಕುಮಾರ ಹೆನ್ರಿಗೂ ಆಗಿಬರುವುದಿಲ್ಲ. ರಾಜಮನೆತನದ ಮದುವೆಯಲ್ಲಿ ಇಬ್ಬರೂ ಜಗಳವಾಡಿ ಕೇಕಿನ ಮೇಲೇ ಬೀಳುತ್ತಾರೆ. ಎರಡು ದೇಶಗಳ ಮಾನ ಉಳಿಸಲು ಗೆಳೆಯರಂತೆ ನಟಿಸಿ ಎಂಬ ಅಪ್ಪಣೆಯಾಗುತ್ತದೆ. ನಟನೆ ನಿಜವಾಗಿ, ಗೆಳೆತನ ಪ್ರೀತಿಯಾಗಿ, ಕೊನೆಗೆ 2020ರ ಚುನಾವಣೆ ಬಂದು ನಿಲ್ಲುತ್ತದೆ.

ವನಜಕ್ಕ ಅರವತ್ತನೇ ಪುಟದಲ್ಲಿ ನಿಲ್ಲಿಸಿ ನನಗೊಂದು ವಾಯ್ಸ್ ಮೆಸೇಜ್ ಕಳಿಸಿದರು. ಏಳು ನಿಮಿಷದ್ದು. ಸಾರ ಇಷ್ಟು: “ಮಾರಾಯ್ತಿ, ಇದೆಂಥ ಪುಸ್ತಕ? ಇಪ್ಪತ್ತೊಂದು ವರ್ಷದ ಹುಡುಗ ಬಾಯಿ ಬಿಟ್ಟರೆ ಚಟಾಕಿ. ಅವನಮ್ಮನೂ ಚಟಾಕಿ. ಕಾವಲಿನವರೂ ಚಟಾಕಿ. ಸರ್ಕಾರ ನಡೆಸೋ ಮನೆಯಲ್ಲಿ ಒಬ್ಬರಿಗೂ ಅಸಿಡಿಟಿ ಇಲ್ಲ. ಕೊನೆಗೆ ಟೆಕ್ಸಾಸ್ ಬೇರೆ ತಿರುಗಿಸ್ತಾರಂತೆ, ಹಿಂದಿನ ಪುಟ ನೋಡಿದೆ.” ಹೌದು, ಅವರು ಕೊನೆಯ ಪುಟವನ್ನೇ ಮೊದಲು ಓದುವವರು. ಮೋಸ ಹೋಗಬಾರದಲ್ಲ. ಟೆಕ್ಸಾಸ್ ತಿರುಗಿಸುವುದೆಂದರೆ ರಿಪಬ್ಲಿಕನ್ನರ ಕೋಟೆಯಾದ ಈ ರಾಜ್ಯವನ್ನು ಡೆಮಾಕ್ರಟರು ಗೆಲ್ಲುವುದು.

ಒಬ್ಬರು ಪುಸ್ತಕ ಬಿಟ್ಟರೆ ಬಳಗ ಮುಳುಗುವುದಿಲ್ಲ. ಆದರೆ ಆರಿಸಿದ ಹುಡುಗಿಗೆ ಇದು ಮೊದಲ ಸಲ. ಪುಸ್ತಕದ ಹೆಸರು ಹೇಳುವಾಗ ಅವಳ ದನಿ ನಡುಗಿದ್ದನ್ನು ನಾನು ಗಮನಿಸಿದ್ದೆ, ಕಾರಣ ಕೇಳಿರಲಿಲ್ಲ. ವನಜಕ್ಕ ಸಭೆಯಲ್ಲಿ ಆ ಏಳು ನಿಮಿಷವನ್ನು ಮತ್ತೆ ಹೇಳಿದರೆ ಅವಳು ಇನ್ನೊಮ್ಮೆ ಬರುವುದಿಲ್ಲ ಎನ್ನಿಸಿತು. ಹಾಗಾಗಿ ವನಜಕ್ಕನ ಮನಸ್ಸು ಬದಲಿಸುವುದು ನನ್ನ ಕೆಲಸ ಎಂದುಕೊಂಡೆ. ಮೊದಲ ತಪ್ಪು ಇದು.

ಮೊದಲೆರಡು ಪ್ರಯತ್ನ

ಮೊದಲು ಅಂಕಿ ಹಿಡಿದು ಹೋದೆ. ಆನ್ ರಿಚರ್ಡ್ಸ್ ಎಂಬ ಡೆಮಾಕ್ರಟ್ ಹೆಂಗಸು 1991ರಿಂದ 1995ರವರೆಗೆ ಇದೇ ಟೆಕ್ಸಾಸಿನ ಗವರ್ನರ್ ಆಗಿದ್ದರಲ್ಲ? 2016ರಲ್ಲಿ ಟ್ರಂಪ್ ಇಲ್ಲಿ ಗೆದ್ದದ್ದು ಶೇಕಡಾ 9ರ ಅಂತರದಲ್ಲಿ, 2018ರ ಸೆನೆಟ್ ಚುನಾವಣೆಯಲ್ಲಿ ಡೆಮಾಕ್ರಟರ ಬೀಟೊ ಓರೂರ್ಕ್ ಸೋತದ್ದು ಶೇಕಡಾ 3ಕ್ಕಿಂತ ಕಮ್ಮಿಯಲ್ಲಿ. ಅಂದಮೇಲೆ ಕಥೆ ಪೂರ್ತಿ ಗಾಳಿಗೋಪುರವಲ್ಲ!

ವನಜಕ್ಕನ ಹತ್ತಿರ ಅಂಕಿ ನನಗಿಂತ ಹೆಚ್ಚಿದ್ದವು. ಅಧ್ಯಕ್ಷ ಚುನಾವಣೆಯಲ್ಲಿ ಟೆಕ್ಸಾಸ್ ಡೆಮಾಕ್ರಟರಿಗೆ ಓಟು ಕೊಟ್ಟದ್ದು ಕೊನೆಯದಾಗಿ 1976ರಲ್ಲಿ, ಜಿಮ್ಮಿ ಕಾರ್ಟರ್‌ಗೆ. 1994ರ ನಂತರ ಇಡೀ ರಾಜ್ಯ ಓಟು ಹಾಕುವ ಒಂದೇ ಒಂದು ಹುದ್ದೆಯನ್ನೂ ಅವರು ಗೆದ್ದಿಲ್ಲ. “ಸೋಲಿನ ಅಂತರ ಕಮ್ಮಿ ಆಯ್ತು ಅಂತ ಖುಷಿ ಪಡೋರನ್ನ ನಮ್ಮಪ್ಪನ ಪಾರ್ಟಿಯಲ್ಲಿ ಬೇಕಾದಷ್ಟು ನೋಡಿದೀನಿ ಕಣೇ.” ಮಾತು ಮುಗಿಯಿತು. ನಾನು ಒಂದೊಂದು ಪುರಾವೆ ತಂದಾಗಲೂ ಅವರಿಗೆ ಅದನ್ನು ಒಡೆಯುವ ಅವಕಾಶ ಸಿಗುತ್ತಿತ್ತು, ಒಡೆದ ಸುಖವೂ ಸಿಗುತ್ತಿತ್ತು. ಇದು ಗೊತ್ತಾಗಲು ನನಗೆ ಎರಡು ವಾರ ಬೇಕಾಯಿತು.

ಎರಡನೆಯ ಸಲ ದಾರಿ ಬದಲಿಸಿದೆ. ಇದೊಂದು ಕಟ್ಟುಕಥೆ, ಹಾಗೇ ಓದಿ. ಬಯಲಾಟದಲ್ಲಿ ಭೀಮ ಗೆಲ್ಲುತ್ತಾನೆಂದು ಗೊತ್ತಿದ್ದೂ ಬೆಳಗಿನ ತನಕ ಕೂರುವುದಿಲ್ಲವೇ ಎಂದೆ. ನನಗೇ ಈ ಹೋಲಿಕೆ ಬಹಳ ಹಿಡಿಸಿತ್ತು.

“ಭೀಮ ಯಾವತ್ತೂ ನನ್ನ ಓಟು ಕೇಳಿಲ್ಲ” ಅಂದರು.

ಡಿಸೆಂಬರ್ 9ರಂದು ಕರ್ನಾಟಕದ ಉಪಚುನಾವಣೆಯ ಫಲಿತಾಂಶ ಬಂತು. ಹದಿನೈದರಲ್ಲಿ ಹನ್ನೆರಡು ಬಿಜೆಪಿಗೆ. ಗೆದ್ದವರಲ್ಲಿ ಹೆಚ್ಚಿನವರು ಪಕ್ಷಾಂತರ ಮಾಡಿ ಅನರ್ಹಗೊಂಡವರೇ. ವನಜಕ್ಕ ಆ ಸುದ್ದಿಯ ಕೊಂಡಿಯನ್ನು ಗುಂಪಿಗೆ ಹಾಕಿ, ಕೆಳಗೆ ಕಾದಂಬರಿಯ ಗುಲಾಬಿ ಮುಖಪುಟದ ಫೋಟೋ ಹಾಕಿದರು. ಬೇರೆ ಒಂದಕ್ಷರವಿಲ್ಲ. ನಾಲ್ಕು ಜನ ನಗುವ ಗುರುತು ಒತ್ತಿದರು. ಆಸ್ಟಿನ್ ಹುಡುಗಿ ಏನೂ ಒತ್ತಲಿಲ್ಲ.

ತಿರುವು

ತಿರುವು ನನ್ನಿಂದ ಬರಲಿಲ್ಲ. ಕ್ರಿಸ್‌ಮಸ್ ರಜೆಗೆ ಮನೆಗೆ ಬಂದಿದ್ದ ಆ ಹುಡುಗಿ ವನಜಕ್ಕನ ಮನೆಗೇ ಹೋದಳು. ಜಗಳಕ್ಕಲ್ಲ, ಅವಳಮ್ಮ ಕಳಿಸಿದ್ದ ಕೋಡುಬಳೆ ಕೊಡಲು. ಮಾತಿನ ನಡುವೆ ಅವಳು ಹೇಳಿದ್ದು ಒಂದೇ ಸಂಗತಿ. ಈ ಪುಸ್ತಕ ಶುರುವಾದದ್ದು 2016ರ ಚುನಾವಣೆಗೆ ಮೊದಲು, ನವೆಂಬರಿನ ಫಲಿತಾಂಶ ಬಂದ ಮೇಲೆ ಇನ್ನು ಇದನ್ನು ಬರೆದು ಏನು ಪ್ರಯೋಜನ ಅಂತ ಮೆಕ್ವಿಸ್ಟನ್ ಬಿಟ್ಟೇಬಿಡುವುದರಲ್ಲಿದ್ದರು, ಆಮೇಲೆ ಮತ್ತೆ ಕೈಗೆತ್ತಿಕೊಂಡರು. ಪುಸ್ತಕದ ಕೊನೆಯ ಕೃತಜ್ಞತೆಯ ಪುಟದಲ್ಲೇ ಇರುವ ವಿಷಯ ಇದು. ಕೊನೆಯ ಪುಟ ಮೊದಲು ಓದುವ ವನಜಕ್ಕ ಕಥೆ ಮುಗಿದಲ್ಲಿಗೆ ನಿಲ್ಲಿಸಿದ್ದರು.

“ಸೋತ ಮೇಲೆ ಬರೆದದ್ದಾ?” ಅಂತ ಕೇಳಿದರಂತೆ.

ನನ್ನ ಅಂದಾಜಿನಲ್ಲಿ ಗಂಟು ಸಡಿಲವಾದದ್ದು ಅಲ್ಲಿ. ಗೆಲ್ಲುತ್ತೇವೆಂದು ನಂಬಿ ಬರೆದ ಕಥೆಯನ್ನು ಅವರು ಅಪ್ಪನ ಹೋಳಿಗೆಯ ಜೊತೆ ಇಟ್ಟಿದ್ದರು. ಸೋಲು ಕಣ್ಣಾರೆ ಕಂಡ ಮೇಲೂ ಕೂತು ಮುಗಿಸಿದ್ದನ್ನು ಎಲ್ಲಿಡಬೇಕೆಂದು ಅವರಿಗೆ ಹೊಳೆಯಲಿಲ್ಲ.

ಹೊರಡುವಾಗ ಹುಡುಗಿ ಇನ್ನೊಂದು ಮಾತು ಹೇಳಿದಳು: “ಆಂಟಿ, ರಾಜಕೀಯ ಬಿಡಿ. ಕಾಗದಗಳನ್ನ ಮಾತ್ರ ಓದಿ.” ಅಲೆಕ್ಸ್ ಮತ್ತು ಹೆನ್ರಿ ಸಾಗರದ ಆಚೀಚೆ ಕೂತು ಒಬ್ಬರಿಗೊಬ್ಬರು ಉದ್ದುದ್ದ ಇಮೇಲ್ ಬರೆಯುತ್ತಾರೆ. ಕೊನೆಯಲ್ಲಿ ಹಳೆಯ ಕಾಲದ ಪ್ರೇಮಪತ್ರಗಳಿಂದ ಒಂದೆರಡು ಸಾಲು ಸೇರಿಸುತ್ತಾರೆ, ಲೇಖಕಿ ವರ್ಜೀನಿಯಾ ವುಲ್ಫ್‌ಗೆ ಅವರ ಪ್ರೇಯಸಿ ವೀಟಾ ಬರೆದದ್ದು, ಅಂಥವು. ನನ್ನನ್ನು ಕೇಳಿದ್ದರೆ ಪುಸ್ತಕವನ್ನು ಹಾಗೆಲ್ಲ ಕತ್ತರಿಸಿ ಓದಬಾರದು, ಮೊದಲಿಂದ ಓದಿ ಎನ್ನುತ್ತಿದ್ದೆ. ಪುಣ್ಯಕ್ಕೆ ಯಾರೂ ಕೇಳಲಿಲ್ಲ.

ಜನವರಿ ಎರಡನೇ ವಾರದ ಒಂದು ದಿನ ಬೆಳಗ್ಗೆ ಆರಕ್ಕೆ ವನಜಕ್ಕನ ಫೋನು. ಊರಲ್ಲಿ ಯಾರಿಗೋ ಏನೋ ಆಯಿತೆಂದು ಗಾಬರಿಯಿಂದ ಎತ್ತಿದೆ. “ಆ ಕಾಗದಗಳನ್ನೆಲ್ಲ ಪೇಪರಿಗೆ ಹಾಕಿಬಿಟ್ಟರಲ್ಲೇ” ಅಂದರು. ದನಿ ಕಟ್ಟಿತ್ತು. ಕಾದಂಬರಿಯಲ್ಲಿ ಎದುರಾಳಿ ಕಡೆಯವರು ಆ ಇಮೇಲ್‌ಗಳನ್ನು ಕದ್ದು ಬಹಿರಂಗ ಮಾಡುತ್ತಾರೆ. ಚುನಾವಣೆಗೆ ಕೆಲವೇ ವಾರ ಉಳಿದಿರುತ್ತದೆ. ರಾತ್ರಿಯಿಡೀ ಕೂತು ಅವರು ಅಲ್ಲಿಗೆ ತಲುಪಿದ್ದರು, ಬಿಟ್ಟುಹೋದದ್ದನ್ನು ಹಿಂದಕ್ಕೆ ಹೋಗಿ ಓದಿಕೊಂಡೂ ಬಂದಿದ್ದರು.

ಜನವರಿಯ ಸಭೆ

ಆ ಶನಿವಾರ ಸಾರ್ವಜನಿಕ ಗ್ರಂಥಾಲಯದ ಕೋಣೆ ಸಿಗದೆ ನಮ್ಮ ಮನೆಯಲ್ಲೇ ಸೇರಿದೆವು. ನಾನು ಮಾಡಿದ ಒಂದೇ ಸರಿಯಾದ ಕೆಲಸವೆಂದರೆ, ಮನಸ್ಸು ಬದಲಾಯಿತೇ ಎಂದು ಎಲ್ಲರೆದುರು ಕೇಳದೇ ಇದ್ದದ್ದು. ಕೇಳಿದ್ದರೆ ಇಲ್ಲ ಅನ್ನುತ್ತಿದ್ದರು, ಆಮೇಲೆ ಆ ಮಾತಿಗೆ ಕಟ್ಟುಬಿದ್ದು ಕೂರುತ್ತಿದ್ದರು.

ಮೊದಲು ಮಾತೆತ್ತಿದವರು ಒಬ್ಬ ಹಿರಿಯರು. ತಕರಾರು ಗೊತ್ತಿದ್ದದ್ದೇ: ಗಂಡು ಗಂಡಿನ ಪ್ರೇಮ, ಮಕ್ಕಳೆದುರು ಇದನ್ನೆಲ್ಲ ಓದಬೇಕಾ, ನಮ್ಮಲ್ಲಿ ಇದೆಲ್ಲ ಎಲ್ಲಿತ್ತು. ಯಾರೋ 2018ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ 377ನೇ ಕಲಮಿನ ಬಗ್ಗೆ ಕೊಟ್ಟ, ಸಲಿಂಗ ಪ್ರೇಮ ಅಪರಾಧವಲ್ಲ ಎಂಬ ತೀರ್ಪನ್ನು ನೆನಪಿಸಿದರು. ಹಿರಿಯರು ಅದಕ್ಕೂ ತಲೆಯಾಡಿಸಿದರು, ಒಪ್ಪಿ ಅಲ್ಲ. ಆಗ ವನಜಕ್ಕ ಬಾಯಿ ಬಿಟ್ಟರು. ಅವರ ಸಿಟ್ಟು ಪುಸ್ತಕದ ಮೇಲಿರುತ್ತದೆಂದು ಎಲ್ಲರೂ ಎಣಿಸಿದ್ದೆವು.

“ಅಣ್ಣಯ್ಯ, ಮಕ್ಕಳೆದುರು ಓದಬಾರದ್ದು ಅಂದರೆ ಬೇರೆಯವರ ಕಾಗದ. ಅದನ್ನ ನಮ್ಮ ಮನೆಯಲ್ಲಿ ಓದಿದಾರೆ, ಮಕ್ಕಳೆದುರೇ.”

1984. ಒಂದು ಇನ್‌ಲ್ಯಾಂಡ್ ಲೆಟರ್. ವನಜಕ್ಕ ಕಾಲೇಜಿನ ಸಹಪಾಠಿಗೆ ಬರೆದದ್ದು, ಅಂಚೆಗೆ ಹಾಕುವ ಮೊದಲೇ ಸಿಕ್ಕಿಬಿತ್ತು. ಚಿಕ್ಕಪ್ಪ ಅದನ್ನು ಪಡಸಾಲೆಯಲ್ಲಿ ನಿಂತು ಓದಿದರು, ದನಿ ಬದಲಿಸಿ, ನಾಟಕದವರ ಹಾಗೆ. ಬಂದಿದ್ದ ನೆಂಟರು ನಕ್ಕರು. ಪ್ರಜಾಪ್ರಭುತ್ವ, ಮಹಿಳಾ ಮೀಸಲು ಅಂತ ಸೈಕಲ್ ತುಳಿಯುವ ಅಪ್ಪ ಅಲ್ಲೇ ಕುರ್ಚಿಯಲ್ಲಿ ಕೂತಿದ್ದರು. ಒಂದು ಮಾತಾಡಲಿಲ್ಲ. ಮುಂದಿನ ವಿವರ ಇಲ್ಲಿ ಬೇಡ. ‘ತೆಗಿ’ ಅಂದದ್ದರಲ್ಲಿ ಅದೂ ಒಂದು. ಇಷ್ಟು ಮಾತ್ರ ಉಳಿಸಿಕೊಟ್ಟಿದ್ದಾರೆ: ಅವತ್ತು ರಾತ್ರಿ ಮನೆಯಲ್ಲಿ ಒಲೆ ಹೊತ್ತಿಸಲಿಲ್ಲ.

ಕಾದಂಬರಿಯಲ್ಲಿ ಅಧ್ಯಕ್ಷೆಯಾದ ಅಮ್ಮನಿಗೆ ಮಗನ ವಿಷಯ ತಿಳಿದಾಗ ಅವಳು ಅವನನ್ನು ಕೂರಿಸಿ ಪವರ್‌ಪಾಯಿಂಟ್ ತೋರಿಸುತ್ತಾಳೆ. ವಿದೇಶಿ ರಾಜಮನೆತನದವರ ಜೊತೆಗಿನ ಪ್ರಣಯದ ಬಗ್ಗೆ, ತಲೆಬರಹ ಸಮೇತ. ನವೆಂಬರಿನಲ್ಲಾದರೆ ಈ ದೃಶ್ಯಕ್ಕೆ ವನಜಕ್ಕ ಇನ್ನೊಂದು ಏಳು ನಿಮಿಷ ಕಳಿಸುತ್ತಿದ್ದರು. ಈಗ ಅದನ್ನು ನಮಗೆ ವಿವರಿಸುತ್ತ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ತಮಾಷೆ ಮುಗಿದ ಮೇಲೆ ಆ ತಾಯಿ ಕೇಳುವುದು ಒಂದೇ: ಇದು ಬದುಕಿಡೀ ಉಳಿಯುವಂಥದ್ದು ಅಂತ ನಿನಗೆ ಅನ್ನಿಸುತ್ತದಾ? ಮಾನ, ಓಟು, ಎರಡನೇ ಅವಧಿ, ಅದೆಲ್ಲ ಆಮೇಲೆ. ಕಾಗದ ಬಯಲಾದಾಗಲೂ ಅವಳು ಮಗನ ಬೆನ್ನಿಗೆ ನಿಲ್ಲುತ್ತಾಳೆ. “ಈ ಹೆಂಗಸು ಟೆಕ್ಸಾಸ್ ಗೆಲ್ತಾಳೆ ಅಂತ ನಾನು ನಂಬಲ್ಲ” ಅಂದರು ವನಜಕ್ಕ. “ಆದರೆ ಆ ಕುರ್ಚಿಯಿಂದ ಎದ್ದಳು. ಅಷ್ಟು ನಂಬ್ತೀನಿ.”

ಆಸ್ಟಿನ್ ಹುಡುಗಿ ನೆಲದ ಮೇಲೆ ಕೂತಿದ್ದಳು, ಅಮ್ಮನ ಕಾಲಿನ ಹತ್ತಿರ. ಅವಳ ದನಿ ಯಾಕೆ ನಡುಗಿತ್ತೆಂದು ನಾನು ಈಗಲೂ ಕೇಳಿಲ್ಲ, ಕೇಳುವ ಹಕ್ಕು ನನಗಿಲ್ಲ. ಅವಳಮ್ಮನ ಕೈ ಮಗಳ ತಲೆಯ ಮೇಲಿದ್ದದ್ದನ್ನು ಮಾತ್ರ ನೋಡಿದೆ.

ಒಂದನ್ನು ಪ್ರಾಮಾಣಿಕವಾಗಿ ಹೇಳಬೇಕು. ಆ ಹಿರಿಯರು ತಕರಾರು ಎತ್ತದಿದ್ದರೆ ವನಜಕ್ಕ ಇಷ್ಟು ಮಾತಾಡುತ್ತಿದ್ದರೋ ಇಲ್ಲವೋ. ಯಾರಾದರೂ ಒಂದು ಪುಸ್ತಕವನ್ನು ಕಾರಣವಿಲ್ಲದೆ ಬೈದರೆ ಅವರು ಅದರ ಪರ ನಿಲ್ಲುವ ಜಾತಿ. ಬೈಯುವುದಿದ್ದರೆ ತಾನೇ ಬೈಯಬೇಕು.

ನಾನು ಎಡವಿದ್ದೆಲ್ಲಿ

ಅವರ ತಕರಾರು ರಾಜಕೀಯದ್ದೆಂದು ನಾನು ಅವರ ಮಾತನ್ನು ಅಕ್ಷರಶಃ ಹಿಡಿದುಕೊಂಡಿದ್ದೆ. 1989, ರೆಸಾರ್ಟು, 99-105, ಎಲ್ಲವೂ ನಿಜವೇ. ಆದರೆ ಆ ಅಂಕಿಗಳ ಹಿಂದೆ ಪಡಸಾಲೆಯ ಒಂದು ಸಂಜೆ ಇತ್ತು. ಪಕ್ಷ ಒಡೆದದ್ದಕ್ಕಿಂತ ಐದು ವರ್ಷ ಮೊದಲೇ ಅಪ್ಪ ಅವರ ಪಾಲಿಗೆ ಸೋತಿದ್ದರು. ನಾನು ಟೆಕ್ಸಾಸಿನ ಅಂತರ ಎಣಿಸುತ್ತ ಕೂತಿದ್ದೆ. ಹಾಗಂತ ಸಿನಿಕರೆಲ್ಲರ ಎದೆಯಲ್ಲೂ ಒಂದು ಕಾಗದ ಇರುತ್ತದೆಂದು ಹುಡುಕಿಕೊಂಡು ಹೊರಡಬಾರದು. ನಾನಾಗಿ ಕೆದಕಿದ್ದರೆ ವನಜಕ್ಕ ನನ್ನನ್ನು ಬಾಗಿಲಿನಿಂದಲೇ ಕಳಿಸುತ್ತಿದ್ದರು. ಹುಡುಗಿ ಕೆದಕಲಿಲ್ಲ. ತನಗೆ ಇಷ್ಟವಾದ ಭಾಗ ಯಾವುದೆಂದು ತೋರಿಸಿ, ಖಾಲಿ ಡಬ್ಬಿ ತೆಗೆದುಕೊಂಡು ಹೋದಳು.

ಎರಡನೆಯದು, ಓದುವ ಕ್ರಮ. ಈಗ ನಮ್ಮ ಬಳಗದಲ್ಲಿ ಪುಸ್ತಕ ಬಿಟ್ಟವರಿಗೆ “ಇನ್ನೂ ಐವತ್ತು ಪುಟ ತಾಳಿ” ಎನ್ನುವುದಿಲ್ಲ. ಇಷ್ಟಪಟ್ಟವರು ಒಂದು ಪುಟಸಂಖ್ಯೆ ಕೊಡುತ್ತಾರೆ, ಅಲ್ಲಿಂದ ಶುರು ಮಾಡಬಹುದು. ಪತ್ತೇದಾರಿ ಕಾದಂಬರಿಗಳಿಗೆ ಇದು ನಡೆಯುವುದಿಲ್ಲ, ಒಮ್ಮೆ ಮಾಡಿ ಎಲ್ಲರ ಶಾಪ ತಿಂದಿದ್ದೇನೆ.

ಬದಲಾಗದೆ ಉಳಿದದ್ದೂ ಇದೆ. ಎದುರಾಳಿ ಸೆನೆಟರ್ ರಟ್ಟಿನ ಗೊಂಬೆ ಎಂಬ ಅವರ ಟೀಕೆ ಹಾಗೇ ಇದೆ, ನನಗೂ ಅದು ಒಪ್ಪಿಗೆಯೇ. ಆದರೆ ಅವರಿಗೆ ಇಡೀ ಪುಸ್ತಕದಲ್ಲಿ ರಾಜಕೀಯ ಅನ್ನಿಸಿದ ಒಂದೇ ಪಾತ್ರ ರಫಾಯೆಲ್ ಲೂನಾ. ಅಲೆಕ್ಸ್ ದೇವರಂತೆ ನಂಬಿದ್ದ ಸೆನೆಟರ್. ನಡುವೆ ಎದುರು ಪಾಳಯಕ್ಕೆ ಹಾರುತ್ತಾನೆ. ಒಳಗಿದ್ದು ಅವರ ಹುಳುಕು ಹೊರತೆಗೆಯಲು ಹೋದದ್ದೆಂದು ಕೊನೆಗೆ ಗೊತ್ತಾಗುತ್ತದೆ. “ನಮ್ಮಲ್ಲೂ ಹಾರ್ತಾರೆ” ಅಂದರು ವನಜಕ್ಕ. “ದಾಖಲೆ ಹಿಡ್ಕೊಂಡು ವಾಪಸ್ ಬಂದವರು ಯಾರೂ ಇಲ್ಲ, ಅಷ್ಟೇ ವ್ಯತ್ಯಾಸ.”

ಆಮೇಲೆ

ಮಾರ್ಚಿನಲ್ಲಿ ಕೊರೊನಾ ಬಂದು ಬಳಗ ಪರದೆಯ ಮೇಲೆ ಹೋಯಿತು. ಆ ಬೇಸಿಗೆಯಲ್ಲಿ ವನಜಕ್ಕ ಕೌಂಟಿಯ ತರಬೇತಿ ಪಡೆದು ಮತದಾರರ ನೋಂದಣಿಯ ಸ್ವಯಂಸೇವಕಿಯಾದರು. ಟೆಕ್ಸಾಸಿನಲ್ಲಿ ಹೆಚ್ಚಿನ ಹೊಸ ಮತದಾರರು ಕಂಪ್ಯೂಟರಿನಲ್ಲಿ ಕೂತು ಹೆಸರು ಸೇರಿಸುವ ಹಾಗಿಲ್ಲ, ಕಾಗದದ ಅರ್ಜಿಯೇ ಆಗಬೇಕು. ಭರ್ತಿ ಮಾಡಿಸಿಕೊಂಡದ್ದನ್ನು ಸ್ವಯಂಸೇವಕರು ಐದು ದಿನದೊಳಗೆ ಕೌಂಟಿ ಕಚೇರಿಗೆ ತಲುಪಿಸಬೇಕು. ಒಂದು ಕೌಂಟಿಯ ನೇಮಕ ಪಕ್ಕದ ಕೌಂಟಿಗೆ ಸಲ್ಲುವುದಿಲ್ಲ. ಆ ವರ್ಷ ಕೊನೆಯ ದಿನ ಅಕ್ಟೋಬರ್ 5. ದೇಸಿ ಅಂಗಡಿಯ ಎದುರು ಮಡಚುವ ಮೇಜು ಹಾಕಿ, ಮಾಸ್ಕಿನ ಮೇಲೆ ಕನ್ನಡಕ ಮಂಜಾಗುತ್ತಿದ್ದರೂ ಕೂತಿದ್ದನ್ನು ನಾನೇ ಕಂಡಿದ್ದೇನೆ. ಪುಸ್ತಕದ ಪ್ರಭಾವವೇ ಎಂದು ಆಸೆಯಿಂದ ಕೇಳಿದೆ. “ಎಂಥ ಪುಸ್ತಕ? ಕೆಲಸ ಬಿಟ್ಟೆನಲ್ಲ, ಹೊತ್ತು ಹೋಗಬೇಕು” ಅಂದರು. ಪ್ರಕರಣ ಬರೆಯುವವಳಾಗಿ ನಾನು ಆ ಉತ್ತರವನ್ನೇ ದಾಖಲಿಸಬೇಕು.

ನವೆಂಬರ್ 3ರ ಚುನಾವಣೆಯಲ್ಲಿ ಬೈಡನ್ ದೇಶ ಗೆದ್ದರು, ಟೆಕ್ಸಾಸ್ ಗೆಲ್ಲಲಿಲ್ಲ. ಅಂತರ ಶೇಕಡಾ 5.6. ಫೋರ್ಟ್ ವರ್ತ್ ಇರುವ ಟ್ಯಾರಂಟ್ ಕೌಂಟಿ ಕೂದಲೆಳೆಯಲ್ಲಿ ಬೈಡನ್ ಕಡೆಗೆ ತಿರುಗಿತು. ವನಜಕ್ಕ ಗುಂಪಿಗೆ ಏನೂ ಬರೆಯಲಿಲ್ಲ. ಆಸ್ಟಿನ್ ಹುಡುಗಿಗೆ ಮಾತ್ರ ಟ್ಯಾರಂಟಿನ ಅಂಕಿ ಕಳಿಸಿದ್ದರೆಂದು ಆಮೇಲೆ ತಿಳಿಯಿತು. ಸೋಲಿನ ಅಂತರ ಎಣಿಸಿ ಖುಷಿಪಡುವವರನ್ನು ಆಡಿಕೊಳ್ಳುತ್ತಿದ್ದವರು!

ಪುಸ್ತಕ ನನ್ನದು, ನಾನೇ ಓದಲು ಕೊಟ್ಟಿದ್ದು. ಸಭೆಯಾದ ಮೇಲೆ ವಾಪಸ್ ಕೇಳಿದಾಗ “ಟೆಕ್ಸಾಸ್ ತಿರುಗಲಿ, ಕೊಡ್ತೀನಿ” ಅಂದಿದ್ದರು. 2024ರಲ್ಲಿ ಟ್ರಂಪ್ ಇಲ್ಲಿ ಗೆದ್ದ ಅಂತರ ಶೇಕಡಾ 13 ದಾಟಿತು. ನಾನು ಬೇರೆ ಪ್ರತಿ ಕೊಂಡುಕೊಂಡಿದ್ದೇನೆ.